ಯುದ್ಧದ ಸುದ್ದಿ ಬಂದ ಬೆಳಗ್ಗೆ ಷೇರು: ಸ್ಟಾಪ್‌ಲಾಸ್, ಅಡಮಾನ, ಕೈಗಾಸು

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿತು. ಸೆನ್ಸೆಕ್ಸ್ ಒಂದೇ ದಿನ 2,702 ಅಂಶ ಬಿತ್ತು, ಮಾರನೆಯ ದಿನ 1,328 ಅಂಶ ಎದ್ದಿತು. ಭಾರತ–ಪಾಕಿಸ್ತಾನ ಸಂಘರ್ಷದ ನಡುವೆ 2025ರ ಮೇ 9ರ ಶುಕ್ರವಾರ 880 ಅಂಶ ಇಳಿದದ್ದು, ಕದನವಿರಾಮದ ಬಳಿಕ ಸೋಮವಾರ 2,975 ಅಂಶ ಜಿಗಿಯಿತು. ಹಾಗಂತ ‘ಯುದ್ಧ ಬಂದರೆ ಕೊಳ್ಳು’ ಎಂದು ಬರೆದಿಟ್ಟುಕೊಳ್ಳಬೇಡಿ. 2022ರ ಏಪ್ರಿಲ್‌ನಲ್ಲಿ 18,000 ದಾಟಿದ್ದ ನಿಫ್ಟಿ ಜೂನ್‌ನಲ್ಲಿ 15,200ರ ಕೆಳಗೂ ಹೋಗಿಬಂತು. ಆಗ ಕಾಡಿದ್ದು ಹಣದುಬ್ಬರ ಮತ್ತು ಬಡ್ಡಿ ಏರಿಕೆ.

ಯುದ್ಧ ನಮ್ಮ ಪೇಟೆಗೆ ಬರುವುದು ಹೆಚ್ಚಾಗಿ ತೈಲದ ದಾರಿಯಲ್ಲಿ. ಕಚ್ಚಾತೈಲದ ಶೇ 85ಕ್ಕೂ ಹೆಚ್ಚು ಭಾಗ ಆಮದು. ಬೆಲೆ ಏರಿದರೆ ಹೆಚ್ಚು ಡಾಲರ್ ಬೇಕು, ರೂಪಾಯಿ ಸೊರಗುತ್ತದೆ. ಮೈಸೂರಿನೊಳಗೇ ಲೆಕ್ಕ ಹಾಕಿ. ಜೆಕೆ ಟೈರ್‌ಗೆ ಬೇಕಾದ ಕಾರ್ಬನ್ ಬ್ಲ್ಯಾಕ್, ಕೃತಕ ರಬ್ಬರ್ ತೈಲದಿಂದ ಬರುವಂಥವು, ಖರ್ಚು ಏರುತ್ತದೆ. ಹೆಬ್ಬಾಳದಲ್ಲಿ ಕ್ಯಾಂಪಸ್ ಇರುವ ಇನ್ಫೊಸಿಸ್‌ನ ಗಳಿಕೆ ಬಹುಪಾಲು ವಿದೇಶಿ ಹಣ, ರೂಪಾಯಿ ಇಳಿದರೆ ಅನುಕೂಲ. ಸರ್ಕಾರಿ ಯಂತ್ರೋಪಕರಣ ಕಂಪನಿ ಬೆಮೆಲ್ ‘ರಕ್ಷಣಾ ಷೇರು’ ಎಂದು ಏರಬಹುದು. ಆದರೆ ಆರ್ಡರ್ ಸಿಕ್ಕಿ, ಯಂತ್ರ ತಯಾರಾಗಿ, ಬಿಲ್ ಆಗುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಬೆಲೆ ಮಾತ್ರ ಅದೇ ಬೆಳಗ್ಗೆ ಓಡಿರುತ್ತದೆ.

ಹೆಚ್ಚಿನವರು ಎಡವುವುದು ಸ್ಟಾಪ್‌ಲಾಸ್‌ನಲ್ಲಿ, ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂದು ಮೊದಲೇ ಕೊಟ್ಟಿಡುವ ಆರ್ಡರ್‌ನಲ್ಲಿ. ನಿನ್ನೆ 500ಕ್ಕೆ ಮುಗಿದ ಷೇರಿಗೆ 480ರ ಟ್ರಿಗರ್ (ಆರ್ಡರ್ ಚಾಲೂ ಆಗುವ ಬೆಲೆ), 478ರ ಲಿಮಿಟ್ (ಇದಕ್ಕಿಂತ ಕಡಿಮೆಗೆ ಮಾರಬೇಡ ಎಂಬ ಬೆಲೆ) ಇಟ್ಟಿದ್ದೀರಿ ಅನ್ನಿ. ರಾತ್ರಿ ಸುದ್ದಿ ಬಂದು ಬೆಳಗ್ಗೆ 9.15ಕ್ಕೆ 455ರಲ್ಲೇ ತೆರೆದರೆ ಟ್ರಿಗರ್ ಎದ್ದೇಳುತ್ತದೆ, ಆದರೆ 478 ಕೊಡುವವರಿಲ್ಲ. ಷೇರು ಕೈಯಲ್ಲೇ ಉಳಿಯುತ್ತದೆ. ಸಿಕ್ಕ ಬೆಲೆಗೆ ವ್ಯವಹಾರ ಮುಗಿಸುವ ಮಾರ್ಕೆಟ್ ಆರ್ಡರ್ ಆಗಿದ್ದರೆ 455ರ ಆಸುಪಾಸಿನಲ್ಲಿ ಬಿಕರಿ. ಸ್ಟಾಪ್‌ಲಾಸ್ ಎರಡು ಬೆಲೆಗಳ ನಡುವಿನ ಹಳ್ಳವನ್ನು ತುಂಬಲಾರದು. ಕೊಳ್ಳುವಾಗಲೂ ಮೊದಲ ಅರ್ಧ ಗಂಟೆ ಮಾರ್ಕೆಟ್ ಆರ್ಡರ್ ಬೇಡ, ಲಿಮಿಟ್ ಸಾಕು.

ಇದಕ್ಕಿಂತ ಕೆಟ್ಟದ್ದು ಷೇರು ಅಡ ಇಟ್ಟು ಫ್ಯೂಚರ್ಸ್ (ವಾಯಿದೆ ವಹಿವಾಟು) ಆಡುವುದು. 4 ಲಕ್ಷದ ಷೇರಿಗೆ ಶೇ 20 ಕಡಿತವೆಂದರೆ ಸಿಗುವ ಮಾರ್ಜಿನ್, ಅಂದರೆ ವಹಿವಾಟಿಗೆ ಭದ್ರತೆಯಾಗಿ ಎಣಿಸುವ ಮೊತ್ತ, 3.2 ಲಕ್ಷ. ಷೇರು ಶೇ 10 ಬಿದ್ದರೆ ಅದು 2.88 ಲಕ್ಷ. ಫ್ಯೂಚರ್ಸ್ ನಷ್ಟವನ್ನು ದಿನದಿನದ ಲೆಕ್ಕದಲ್ಲಿ ನಗದಾಗಿ ಕಟ್ಟಬೇಕು, ಏರಿಳಿತ ಹೆಚ್ಚಿದ್ದರಿಂದ ಕೇಳುವ ಮಾರ್ಜಿನ್ನೂ ಏರಿರುತ್ತದೆ. ಕಟ್ಟದಿದ್ದರೆ ಬ್ರೋಕರೇ ಮಾರುತ್ತಾನೆ, ಅದೂ ತಳದ ಬೆಲೆಗೆ.

ಕೈಗಾಸಿನ ವಿಷಯ. ಸಂಬಳದವರಿಗೆ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿದ್ದರೆ ನಡೆದೀತು. ಮಂಡ್ಯದ ಕಬ್ಬಿನ ಮನೆಗಳಿಗೆ ಅದು ಸಾಲದು: ಕಟಾವು ವರ್ಷಕ್ಕೊಮ್ಮೆ, ಕಾರ್ಖಾನೆಯ ಬಟವಾಡೆ ತಡವಾಗುವುದೂ ಉಂಟು. ಹನ್ನೆರಡು ತಿಂಗಳ ಖರ್ಚು, ಮುಂದಿನ ಬೆಳೆಯ ಗೊಬ್ಬರ, ಕೂಲಿ ತೆಗೆದಿಟ್ಟು ಉಳಿದದ್ದನ್ನು ಆರು ಪಾಲು ಮಾಡಿ, ಪ್ರತಿ ತಿಂಗಳೂ ಅದೇ ತಾರೀಖಿಗೆ ಇಂಡೆಕ್ಸ್ ಫಂಡಿಗೆ (ನಿಫ್ಟಿಯಂಥ ಸೂಚ್ಯಂಕದ ಷೇರುಗಳನ್ನೇ ಕೊಳ್ಳುವ ಫಂಡ್) ಹಾಕಿ. ಟಿವಿ ನೋಡಿ ತಾರೀಖು ಬದಲಿಸಬೇಡಿ.

ನಷ್ಟಕ್ಕೆ ಮಾರಿದರೆ ಗಡುವಿನೊಳಗೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ. ಬಂಡವಾಳ ನಷ್ಟವನ್ನು ಮುಂದಿನ ಬಂಡವಾಳ ಲಾಭದಲ್ಲಿ ಕಳೆಯಲು ಎಂಟು ವರ್ಷ ಮುಂದೊಯ್ಯಬಹುದು. ಮಾರಿದ ಷೇರನ್ನು ಅದೇ ದಿನ ಅದೇ ಡಿಮ್ಯಾಟ್ ಖಾತೆಗೆ ಮರಳಿ ಕೊಂಡರೆ ಅದು ಇಂಟ್ರಾಡೇ (ಒಂದೇ ದಿನದೊಳಗಿನ ವ್ಯಾಪಾರ) ಲೆಕ್ಕಕ್ಕೆ ಹೋಗುತ್ತದೆ, ಹಳೆಯ ನಷ್ಟ ದಾಖಲಾಗುವುದಿಲ್ಲ. ಕೊಳ್ಳುವುದಿದ್ದರೆ ಮಾರನೆಯ ದಿನ.