‘ಮಾದರಿ ಬೆಲೆ’ ಯಾರಿಗೆ ಮಾದರಿ?

ಹತ್ತಿ ಬಿಡಿಸುವ ಕಾಲ ಬಂತೆಂದರೆ ರಾಯಚೂರು ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನವೂ ಧಾರಣೆಯ ಪಟ್ಟಿ ಹರಿದಾಡುತ್ತದೆ: ಕನಿಷ್ಠ, ಗರಿಷ್ಠ, ಮಾದರಿ. ಮೊದಲೆರಡರ ಬಗ್ಗೆ ತಕರಾರಿಲ್ಲ. ಮೂರನೆಯದಕ್ಕೆ ಮಾತ್ರ ಒಬ್ಬೊಬ್ಬರದು ಒಂದೊಂದು ಭಾಷ್ಯ. ಮೊನ್ನೆ ಪುಣ್ಯಾತ್ಮರೊಬ್ಬರು ಧ್ವನಿ ಸಂದೇಶದಲ್ಲಿ, ‘ಮಾದರಿ ಎಂದರೆ ಸರ್ಕಾರ ನಿಗದಿ ಮಾಡಿದ ಬೆಲೆ, ಅದಕ್ಕಿಂತ ಕಡಿಮೆಗೆ ಕೇಳಿದರೆ ಕೊಡಬೇಡಿ’ ಎಂದು ಅಪ್ಪಣೆ ಕೊಡಿಸಿದ್ದರು. ಸರ್ಕಾರ ನಿಗದಿ ಮಾಡುವುದು ಬೆಂಬಲ ಬೆಲೆಯನ್ನು. ಅದರ ಜಾತಕವೇ ಬೇರೆ.

ಹೆಚ್ಚಿನ ತಪ್ಪು ಪದದ್ದೇ. ‘ಮಾದರಿ ಗ್ರಾಮ’, ‘ಮಾದರಿ ರೈತ’ ಎಂದು ಓದಿ ಬೆಳೆದವರಿಗೆ ಮಾದರಿ ಎಂದರೆ ಅನುಸರಿಸಬೇಕಾದದ್ದು. ಪರೀಕ್ಷೆಗೆ ಮಣ್ಣಿನ ಮಾದರಿ ಕೊಟ್ಟು ಬಂದವರಿಗೆ ಅದು ಚೀಲದಲ್ಲಿನ ಒಂದಿಷ್ಟು ಮಣ್ಣು. ಧಾರಣೆಯ ಪಟ್ಟಿಯಲ್ಲಿರುವುದು ಇವೆರಡೂ ಅಲ್ಲ. ಇಂಗ್ಲಿಷಿನಲ್ಲಿ ಅದು ‘ಮೋಡಲ್’, ಸಂಖ್ಯಾಶಾಸ್ತ್ರದ ‘ಮೋಡ್’ನಿಂದ ಬಂದದ್ದು. ಯಾರದೋ ಕಿವಿಗೆ ‘ಮಾಡೆಲ್’ ಎಂದು ಬಿದ್ದು ಮಾದರಿಯಾಗಿರಬೇಕೆಂದು ನನ್ನ ಗುಮಾನಿ. ಎರಡೂ ಲ್ಯಾಟಿನ್ನಿನ ‘ಮೋಡಸ್’ ಎಂಬ ಅಜ್ಜಿಯ ಮೊಮ್ಮಕ್ಕಳೇ. ಅಜ್ಜಿಯ ಅರ್ಥ ಅಳತೆ, ರೀತಿ. ಹಾಗೆಂದು ಒಬ್ಬ ಮೊಮ್ಮಗನ ಪಾಲಿನ ಹೊಲಕ್ಕೆ ಇನ್ನೊಬ್ಬನ ಹೆಸರಲ್ಲಿ ಪಹಣಿ ಬರೆಯಲಾದೀತೇ? ಸರಿಯಾದ ಪದ ಶಾಲೆಯ ಗಣಿತದಲ್ಲೇ ಬಿದ್ದಿದೆ: ಬಹುಲಕ, ಇನ್ನೊಂದು ಹೆಸರು ರೂಢಿಬೆಲೆ. ಪೇಟೆಗೆಂದೇ ಹೇಳಿ ಮಾಡಿಸಿದಂತಿದೆ. ಪೇಟೆಯವರು ಮಾತ್ರ ಕಣ್ಣೆತ್ತಿ ನೋಡಿಲ್ಲ.

ಅರ್ಥ ಇಷ್ಟೇ: ಆ ದಿನ ಹೆಚ್ಚು ಮಾಲು ಯಾವ ಬೆಲೆಗೆ ಹೋಯಿತೋ ಅದು. ಸರಾಸರಿಯಲ್ಲ. ಸಮತೂಕದ ಹತ್ತು ಲಾಟ್, ಅಂದರೆ ಒಟ್ಟಿಗೆ ಮಾರಾಟಕ್ಕಿಟ್ಟ ಹತ್ತು ರಾಶಿ, ಹತ್ತಿ ಬಂದಿದೆ ಎಂದುಕೊಳ್ಳಿ. ಏಳು ಲಾಟ್ ಕ್ವಿಂಟಲ್‌ಗೆ 7,000 ರೂಪಾಯಿಯಂತೆ, ಮಳೆಗೆ ಸಿಕ್ಕ ಎರಡು 5,200ರಂತೆ, ಒಂದು 7,600ರಂತೆ ಮಾರಾಟವಾದರೆ ಸರಾಸರಿ 6,700, ಮಾದರಿ 7,000. ಆ 6,700ಕ್ಕೆ ಒಂದೇ ಒಂದು ಲಾಟೂ ಹೋಗಿಲ್ಲ ಎಂಬುದನ್ನು ಗಮನಿಸಿ. ಮೊಬೈಲಿನಲ್ಲಿ ಚಿತ್ರ ಮಾಡಿ ಹಂಚುವವರು ದಪ್ಪಕ್ಷರದಲ್ಲಿ ಹಾಕುವುದಾದರೂ ಏನನ್ನು? 7,600. ಅದೂ ದಿನಾಂಕ ಬಿಟ್ಟು.

ರಾಜ್ಯದ ಎಪಿಎಂಸಿಗಳಿಗೆ 2014ರಿಂದ ಒಂದೊಂದಾಗಿ ಆನ್‌ಲೈನ್ ಟೆಂಡರ್ ಬಂತು. ತನ್ನ ಲಾಟ್‌ಗೆ ಬಿದ್ದ ಬೆಲೆ ರೈತನ ಮೊಬೈಲಿಗೇ ಬರುತ್ತದೆ, ಒಪ್ಪದಿದ್ದರೆ ಬಿಡುವ ಹಕ್ಕೂ ಅವನದೇ. ಮಾದರಿ ಬೆಲೆ ಉಪಯೋಗಕ್ಕೆ ಬರುವುದು ಆ ಸಂದೇಶದ ಪಕ್ಕ ಇಟ್ಟು ತೂಗಿ ನೋಡುವಾಗ.

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಒಮ್ಮೆ ಹಿರಿಯರೊಬ್ಬರು ಗಾಜು ಒಡೆದ ಮೊಬೈಲನ್ನು ಖರೀದಿದಾರನ ಮುಖಕ್ಕೇ ಹಿಡಿದು ಮಾದರಿ ಬೆಲೆ ತೋರಿಸುತ್ತಿದ್ದರು. ಆತ ಅತ್ತ ನೋಡಲೇ ಇಲ್ಲ. ಹತ್ತಿ ತುಂಬಿದ ದೊಡ್ಡ ಚೀಲದ, ಅಂದರೆ ಅಂಡಿಗೆಯ, ಒಳಗೆ ಮೊಣಕೈವರೆಗೂ ಕೈ ಇಳಿಸಿ, ತಳದ ಹತ್ತಿ ಎಳೆದು ಹಿಸುಕಿ, “ಇದು ಹಸಿ ಇದೆಯಲ್ಲ, ಯಜಮಾನರೇ” ಎಂದ. ಯಜಮಾನರು ಮೊಬೈಲನ್ನು ಜೇಬಿಗಿಳಿಸಿ ತಾವೂ ಕೈ ಹಾಕಿ ನೋಡಿದರು.