ಎರಡು ಹಲಗೆ, ನಡುವೆ ಅನಿಲ: ಆರ್‌ಪಿಸಿ ಶೋಧಕಗಳು ನಡೆದುಬಂದ ದಾರಿ

ತಮಿಳುನಾಡಿನ ಪೊಟ್ಟಿಪುರಂನಲ್ಲಿ ಬೆಟ್ಟದಡಿ ಕಟ್ಟಬೇಕೆಂದಿದ್ದ ನ್ಯೂಟ್ರಿನೋ (ವಸ್ತುವಿನೊಂದಿಗೆ ತೀರಾ ಅಪರೂಪಕ್ಕೆ ಪ್ರತಿಕ್ರಿಯಿಸುವ ಸೂಕ್ಷ್ಮ ಕಣ) ವೀಕ್ಷಣಾಲಯದ ಚರ್ಚೆಯಲ್ಲಿ ಸುರಂಗ ಮತ್ತು ಅನುಮತಿಗಳ ಮಾತೇ ಮುಂದಿರುತ್ತದೆ. ಅದರೊಳಗೆ ಕಬ್ಬಿಣದ ಪದರಗಳ ನಡುವೆ ಕೂರಬೇಕಾದ ಸುಮಾರು 28,800 ಗಾಜಿನ ಆರ್‌ಪಿಸಿಗಳ, ಅಂದರೆ ರೆಸಿಸ್ಟಿವ್ ಪ್ಲೇಟ್ ಚೇಂಬರ್ ಎಂಬ ಕಣ ಶೋಧಕಗಳ ಬಗ್ಗೆ ಕೇಳುವವರು ಕಡಿಮೆ. ಆದರೆ ಇಂಥ ಪ್ರಯೋಗಗಳ ಆಯುಷ್ಯ ನಿಂತಿರುವುದು ಅವುಗಳ ಮೇಲೆಯೇ.

1908ರಲ್ಲಿ ರುದರ್‌ಫೋರ್ಡ್ ಮತ್ತು ಗೈಗರ್ ಬಳಸಿದ ಅನಿಲದ ಕೊಳವೆಯಿಂದ 1968ರಲ್ಲಿ ಶಾರ್ಪಾಕ್ ರೂಪಿಸಿದ ತಂತಿಗಳ ಚೇಂಬರ್‌ವರೆಗೆ, ಕೋಲಾರದ ಚಿನ್ನದ ಗಣಿಯಲ್ಲಿ ಪ್ರೋಟಾನ್ ತಾನಾಗಿ ಒಡೆಯುವುದೇ ಎಂದು ಕಾದ ಕೊಳವೆಗಳೂ ಸೇರಿದಂತೆ, ಸಂಕೇತ ಹಿಡಿಯುತ್ತಿದ್ದದ್ದು ತಂತಿಯೇ. 1981ರಲ್ಲಿ ರೋಮ್‌ನ ಸಾಂತೋನಿಕೊ ಮತ್ತು ಕಾರ್ದರೆಲ್ಲಿ ತಂತಿಯನ್ನೇ ಬಿಟ್ಟು, ಬೇಕಲೈಟ್ ಎಂಬ ಗಡಸು ಪ್ಲಾಸ್ಟಿಕ್‌ನ ಎರಡು ಹಲಗೆಗಳ ನಡುವೆ ಕಿರಿದಾದ ಸಂದು ಉಳಿಸಿ ಅನಿಲ ಹರಿಸಿದರು; ಆರ್‌ಪಿಸಿ ಹುಟ್ಟಿದ್ದು ಹೀಗೆ. ಇಂದು ಸಾಮಾನ್ಯವಾಗಿ 2 ಮಿಲಿಮೀಟರ್ ಇರುವ ಈ ಸಂದಿಗೆ ಸುಮಾರು 10 ಸಾವಿರ ವೋಲ್ಟ್ ಕೊಟ್ಟಾಗ, ಹಾದುಹೋಗುವ ಮ್ಯೂಯಾನ್ (ಇಲೆಕ್ಟ್ರಾನ್‌ನ ಭಾರವಾದ ಬಂಧುವಿನಂಥ ಕಣ) ಬಿಡಿಸಿದ ಕೆಲವೇ ಇಲೆಕ್ಟ್ರಾನ್‌ಗಳು ಹಿಮಕುಸಿತದಂತೆ ಬೆಳೆಯುತ್ತವೆ. ಹಲಗೆಯಲ್ಲಿ ವಿದ್ಯುತ್ ಸಲೀಸಾಗಿ ಹರಿಯದ ಕಾರಣ ಕಿಡಿ ಹುಟ್ಟಿದಲ್ಲೇ ನಂದುತ್ತದೆ, ಉಳಿದ ಮೈ ಎಚ್ಚರವಾಗಿಯೇ ಇರುತ್ತದೆ. ಹೊರಗಿನ ತಾಮ್ರದ ಪಟ್ಟಿಗಳು ಆ ಮಿಡಿತವನ್ನು ಒಂದು ನ್ಯಾನೊಸೆಕೆಂಡಿನಷ್ಟು ನಿಖರವಾಗಿ ಹಿಡಿಯುತ್ತವೆ. ಅಗ್ಗದ ಸಾಮಗ್ರಿಯಿಂದ ಇಷ್ಟು ಪಡೆಯುವುದು ನಿಜಕ್ಕೂ ಸುಂದರವಾದ ಯೋಚನೆ.

ತೊಡಕು ಬಂದದ್ದು ಹಲಗೆಯ ಮೈಯಿಂದ. ಬೇಕಲೈಟ್ ನುಣುಪಾಗಲೆಂದು ಒಳಮೈಗೆ ಅಗಸೆ ಎಣ್ಣೆ ಬಳಿಯುತ್ತಿದ್ದರು. ಸ್ಟ್ಯಾನ್‌ಫೋರ್ಡ್‌ನ ಬಾಬಾರ್ ಎಂಬ ಕಣಭೌತ ಪ್ರಯೋಗದಲ್ಲಿ 1999ರ ಬೇಸಿಗೆಯ ಸೆಖೆಗೆ ಸರಿಯಾಗಿ ಒಣಗದ ಎಣ್ಣೆ ಹನಿಗಟ್ಟಿ, ಶೋಧಕಗಳ ದಕ್ಷತೆ ಕುಸಿಯತೊಡಗಿತು. ಮುಂದೆ ಅಲ್ಲಿನ ಒಂದು ದೊಡ್ಡ ಭಾಗದಲ್ಲಿ ಆರ್‌ಪಿಸಿಗಳನ್ನೇ ತೆಗೆದು ಬೇರೆ ಬಗೆಯ ಕೊಳವೆಗಳನ್ನು ಇಡಬೇಕಾಯಿತು. ಜಪಾನಿನ ಬೆಲ್ ಪ್ರಯೋಗ ಎಣ್ಣೆಯೇ ಬೇಡವೆಂದು ಗಾಜನ್ನು ಆರಿಸಿತ್ತು. ಅಲ್ಲಿ ಪ್ಲಾಸ್ಟಿಕ್ ನಳಿಕೆಯ ಗೋಡೆಯಿಂದ ನುಸುಳಿದ ನೀರಾವಿ, ಅನಿಲದ ಫ್ಲೋರಿನ್‌ನೊಂದಿಗೆ ಸೇರಿ ಹೈಡ್ರೋಫ್ಲೋರಿಕ್ ಆಮ್ಲವಾಗಿ ಗಾಜನ್ನು ಕೊರೆಯಿತು. ತಾಮ್ರದ ನಳಿಕೆ ಬಂದ ಮೇಲೆ ಕಾಟ ತಪ್ಪಿತು. ಬೇಕಲೈಟ್‌ಗಾದರೋ ತೇವ ಬೇಕೇ ಬೇಕು, ಅದು ಒಣಗಿದರೆ ಅದರ ರೋಧ ಏರುತ್ತ ಹೋಗುತ್ತದೆ. ಒಂದಕ್ಕೆ ಔಷಧವಾದದ್ದು ಇನ್ನೊಂದಕ್ಕೆ ವಿಷ. ನಳಿಕೆ, ಎಣ್ಣೆ, ತೇವದಂಥ ಸಂಗತಿಗಳಿಗೆ ವಿನ್ಯಾಸದ ಮೊದಲ ದಿನದಿಂದಲೇ ಇಲೆಕ್ಟ್ರಾನಿಕ್ಸ್‌ಗೆ ಸಿಕ್ಕಷ್ಟು ಗಮನ ಸಿಕ್ಕಿದ್ದರೆ ಎಷ್ಟೋ ವರ್ಷಗಳ ಶ್ರಮ ಉಳಿಯುತ್ತಿತ್ತು.

ಈಗಿನ ತೊಡಕು ಅನಿಲದ್ದೇ. ಮಿಶ್ರಣದ ಸುಮಾರು ಶೇ 95ರಷ್ಟು ಆರ್-134ಎ, ಅಂದರೆ ಕಾರಿನ ಎಸಿಯಲ್ಲಿ ಬಳಸುತ್ತ ಬಂದಿರುವ ಅನಿಲ. ಉಳಿದದ್ದು ಐಸೊಬ್ಯೂಟೇನ್ ಮತ್ತು ತುಸು ಸಲ್ಫರ್ ಹೆಕ್ಸಾಫ್ಲೋರೈಡ್. ಶತಮಾನದ ಲೆಕ್ಕದಲ್ಲಿ ಮೊದಲನೆಯದು ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಪಟ್ಟು ಮೀರಿ, ಕೊನೆಯದು ಇಪ್ಪತ್ತು ಸಾವಿರಪಟ್ಟು ಮೀರಿ ಭೂಮಿಯನ್ನು ಬಿಸಿಮಾಡುತ್ತದೆ. 2014ರ ಐರೋಪ್ಯ ನಿಯಮ ಇಂಥ ಅನಿಲಗಳ ಪೂರೈಕೆಯನ್ನು ಹಂತಹಂತವಾಗಿ ಇಳಿಸಲು ಹೊರಟ ಮೇಲೆ ಯುರೋಪಿನ ಕಣಭೌತ ಪ್ರಯೋಗಾಲಯವಾದ ಸರ್ನ್‌ನಲ್ಲಿ ಮರುಬಳಕೆ, ಸೋರಿಕೆ ತಡೆ ಮತ್ತು ಎಚ್‌ಎಫ್‌ಒ ಎಂಬ ಬದಲಿ ಅನಿಲದ ಪರೀಕ್ಷೆಗಳಿಗೆ ಒತ್ತು ಬಂತು. ಎಚ್‌ಎಫ್‌ಒ ಒಂದನ್ನೇ ತುಂಬಿದರೆ ವೋಲ್ಟೇಜ್ ವಿಪರೀತ ಏರಿಸಬೇಕಾಗುತ್ತದೆ; ಆದ್ದರಿಂದ ಅದಕ್ಕೆ ಇಂಗಾಲದ ಡೈಆಕ್ಸೈಡ್ ಬೆರೆಸಿ ನೋಡುತ್ತಿದ್ದಾರೆ.

ಪೊಟ್ಟಿಪುರಂ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2015ರಲ್ಲಿ. ಸುರಂಗ ಇನ್ನೂ ಕೊರೆದಿಲ್ಲ. ಮದುರೈನಲ್ಲಿ ಮಾತ್ರ 85 ಟನ್ನಿನ ಪುಟ್ಟ ಮಾದರಿಯೊಂದು ಗಾಜಿನ ಹತ್ತು ಪದರಗಳಲ್ಲಿ ಆಕಾಶದಿಂದ ಇಳಿಯುವ ಮ್ಯೂಯಾನ್‌ಗಳನ್ನು ಗುರುತಿಸಿ, ಈ ಹಲಗೆಗಳನ್ನು ದಿನನಿತ್ಯ ನಡೆಸುವ ಅನುಭವವನ್ನು ಕೂಡಿಡುತ್ತ ಬಂದಿದೆ.