ಪಾರಿವಾಳದ ಮರಿಗಳು ಎಲ್ಲಿರುತ್ತವೆ?

ಪ್ರಶ್ನೆ: ದಿನವೂ ಎಷ್ಟೋ ಪಾರಿವಾಳಗಳನ್ನು ನೋಡುತ್ತೇನೆ, ಎಲ್ಲವೂ ದೊಡ್ಡವೇ. ಕೋಳಿಮರಿ ನೋಡಿದ್ದೇನೆ, ಗುಬ್ಬಚ್ಚಿಯ ಮರಿಯನ್ನೂ ನೋಡಿದ್ದೇನೆ. ಪಾರಿವಾಳದ ಮರಿ ಮಾತ್ರ ಒಮ್ಮೆಯೂ ಕಣ್ಣಿಗೆ ಬಿದ್ದಿಲ್ಲ. ಏಕೆ?

ಉತ್ತರ: ನೀವು ಅದನ್ನು ಬಹುಶಃ ಹಲವು ಸಲ ನೋಡಿದ್ದೀರಿ. ಗುಂಪಿನಲ್ಲಿ ಕಾಳು ಹೆಕ್ಕುತ್ತಿದ್ದ ಹಕ್ಕಿಗಳಲ್ಲಿ ಒಂದೆರಡು ಆಗತಾನೇ ಗೂಡು ಬಿಟ್ಟು ಬಂದವಾಗಿದ್ದವು. ಗಾತ್ರದಲ್ಲಿ ಹೆತ್ತವರಿಗೆ ಸರಿಸಮವಾಗಿದ್ದ ಕಾರಣ ನಿಮ್ಮ ಗಮನಕ್ಕೆ ಬರಲಿಲ್ಲ. ನಾವು ಮರಿ ಎಂದರೆ ಪುಟ್ಟದನ್ನು ಹುಡುಕುತ್ತೇವೆ. ಪಾರಿವಾಳವಾದರೋ ಪುಟ್ಟದಾಗಿರುವಷ್ಟು ದಿನವೂ ಗೂಡಿನಿಂದ ಹೊರಗೆ ಕಾಲಿಡುವುದಿಲ್ಲ.

ಆ ಗೂಡು ಸುಲಭವಾಗಿ ಕಾಣುವ ಜಾಗದಲ್ಲೂ ಇರುವುದಿಲ್ಲ. ನಗರದ ಪಾರಿವಾಳಗಳ ಪೂರ್ವಜರು ಕಡಲತೀರದ ಕಡಿದಾದ ಬಂಡೆಗಳಲ್ಲಿ, ಗುಹೆಗಳ ಒಳಗಿನ ಅಂಚುಗಳಲ್ಲಿ ಮೊಟ್ಟೆಯಿಡುತ್ತಿದ್ದ ಬಂಡೆ ಪಾರಿವಾಳಗಳು. ಮನುಷ್ಯ ಅವುಗಳನ್ನು ಸಾವಿರಾರು ವರ್ಷಗಳ ಹಿಂದೆಯೇ ಸಾಕಿದ. ಸಾಕಣೆಯಿಂದ ತಪ್ಪಿಸಿಕೊಂಡವು ಊರುಗಳಲ್ಲೇ ನೆಲೆ ನಿಂತವು. ಅವುಗಳ ಕಣ್ಣಿಗೆ ನಮ್ಮ ಕಟ್ಟಡ ಒಂದು ಬಂಡೆ, ಕಿಟಕಿಯ ಸಜ್ಜಾ ಅದರ ಅಂಚು, ಸೇತುವೆಯ ಅಡಿ ಒಂದು ಗುಹೆ. ಮರದ ಕೊಂಬೆಯಲ್ಲಿ ಅವು ಗೂಡು ಕಟ್ಟುವುದು ತೀರಾ ವಿರಳ. ನಾವು ಕತ್ತೆತ್ತಿ ಮರಗಳಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ?

ಗೂಡೆಂದರೆ ನಾಲ್ಕು ಕಡ್ಡಿಗಳನ್ನು ಅಡ್ಡಾದಿಡ್ಡಿಯಾಗಿ ಇಟ್ಟದ್ದು. ಅದರ ಮೇಲೆ ಸಾಮಾನ್ಯವಾಗಿ ಎರಡು ಬಿಳಿ ಮೊಟ್ಟೆಗಳು. 17ರಿಂದ 19 ದಿನ ಕಾವು ಕೊಡಬೇಕು, ಈ ಕೆಲಸವನ್ನು ಗಂಡು ಹೆಣ್ಣು ಹಂಚಿಕೊಳ್ಳುತ್ತವೆ. ಬೆಳಗಿನ ಹೊತ್ತು ಏರಿದ ಮೇಲೆ ಗಂಡು ಬಂದು ಕುಳಿತರೆ ಇಳಿಮಧ್ಯಾಹ್ನದವರೆಗೆ ಅದರ ಪಾಳಿ. ಉಳಿದ ಹೊತ್ತು, ಇಡೀ ರಾತ್ರಿ, ಹೆಣ್ಣಿನದು. ಮೊಟ್ಟೆಯೊಡೆದ ನಂತರವೂ ಮೊದಲ ವಾರ ಯಾರಾದರೊಬ್ಬರು ಮರಿಗಳ ಮೇಲೆ ಕುಳಿತೇ ಇರುತ್ತಾರೆ. ಹಾಗಾಗಿ ಗೂಡು ಕಂಡರೂ ನಿಮಗೆ ಕಾಣುವುದು ಸುಮ್ಮನೆ ಕುಳಿತಿರುವ ಒಂದು ದೊಡ್ಡ ಪಾರಿವಾಳ. ಮರಿ ಅದರ ಹೊಟ್ಟೆಯಡಿಯಲ್ಲಿರುತ್ತದೆ.

ನಮ್ಮ ಅಡುಗೆಮನೆಯ ಕಿಟಕಿಯ ಹೊರಗೆ ಒಂದು ಜೋಡಿ ಗೂಡು ಮಾಡಿದ್ದರಿಂದ ಇದನ್ನೆಲ್ಲ ಒಂದು ಮೊಳದ ದೂರದಿಂದ ನೋಡುವ ಭಾಗ್ಯ ನನಗೆ ಸಿಕ್ಕಿತ್ತು. ಹುಟ್ಟಿದ ಮರಿ ಅಂಗೈಯ ಗುಳಿಯಲ್ಲಿ ಹಿಡಿಸುವಷ್ಟು ಚಿಕ್ಕದು, ಸುಮಾರು 15 ಗ್ರಾಂ. ಕಣ್ಣು ಮುಚ್ಚಿರುತ್ತದೆ, ನಸುಗೆಂಪು ಚರ್ಮದ ಮೇಲೆ ಅಲ್ಲಲ್ಲಿ ಹಳದಿ ನವಿರು, ತಲೆಗೆ ಹೊಂದದಷ್ಟು ದಪ್ಪ ಕೊಕ್ಕು. ಅಂದವೆಂದು ಹೇಳಲಾರೆ, ಆದರೆ ಅಷ್ಟು ಅಸಹಾಯಕವಾದ ಜೀವವನ್ನು ಕಂಡಾಗ ಉಸಿರು ಬಿಗಿಹಿಡಿಯುವಂತಾಗುತ್ತದೆ.

ಅದು ಉಣ್ಣುವ ಬಗೆ ಇನ್ನೂ ಸೋಜಿಗದ್ದು. ಕಾಗೆಯ ಮರಿಯ ಹಾಗೆ ಇದು ಬಾಯಿ ಅಗಲಿಸಿ ಕಾಯುವುದಿಲ್ಲ. ತನ್ನ ಕೊಕ್ಕನ್ನೇ ತಾಯಿಯ ಬಾಯೊಳಗೆ ತೂರಿಸುತ್ತದೆ. ಎರಡು ಮರಿಗಳೂ ಒಟ್ಟಿಗೆ, ಬಾಯಿಯ ಎಡದಿಂದ ಒಂದು, ಬಲದಿಂದ ಒಂದು ತೂರಿಸಿದ್ದನ್ನು ನಾನು ನೋಡಿದ್ದೇನೆ. ದೊಡ್ಡ ಹಕ್ಕಿಯ ಕತ್ತು ಅಲೆಯಲೆಯಾಗಿ ಅದುರುತ್ತದೆ, ಗಂಟಲಚೀಲದಿಂದ ಗುಟುಕು ಮೇಲೇರುತ್ತದೆ. ಮೊದಲ ದಿನಗಳ ಆ ಗುಟುಕಿನಲ್ಲಿ ಕಾಳು ಇರುವುದಿಲ್ಲ. ಇರುವುದು ಗಂಟಲಚೀಲದ ಒಳಪದರವೇ ಕಳಚಿ ಆದ, ಒಡೆದ ಹಾಲಿನಂತೆ ಕಾಣುವ ಮುದ್ದೆ. ಇದನ್ನೇ ಪಾರಿವಾಳದ ಹಾಲು ಎನ್ನುತ್ತಾರೆ. ಸಸ್ತನಿಗಳಲ್ಲಿ ಹಾಲು ಸುರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನೇ ಇಲ್ಲಿಯೂ ಕೆಲಸ ಮಾಡುತ್ತದೆ. ಪ್ರೋಟೀನು, ಕೊಬ್ಬು ತುಂಬಿರುವ ಈ ಹಾಲನ್ನು ಗಂಡು ಹಕ್ಕಿಯೂ ಊಡುತ್ತದೆ. ಪಾರಿವಾಳ ಮತ್ತು ಬೆಳವಗಳ ಕುಟುಂಬವನ್ನು ಬಿಟ್ಟರೆ ಇಂಥ ಹಾಲು ತಯಾರಿಸುವ ಹಕ್ಕಿಗಳು ಬೆರಳೆಣಿಕೆಯಷ್ಟು, ಫ್ಲೆಮಿಂಗೊ ಅವುಗಳಲ್ಲೊಂದು.

ಹಾಲಿನ ಬಲದಿಂದ ಮರಿ ಕಣ್ಣೆದುರೇ ಉಬ್ಬುತ್ತದೆ. ನಾಲ್ಕೈದು ದಿನಕ್ಕೆ ಕಣ್ಣು ತೆರೆಯಿತು. ಹಾಲಿನ ಜೊತೆ ನೆನೆದ ಕಾಳು ಬೆರೆಯತೊಡಗಿತು. ಎರಡನೆಯ ವಾರದಲ್ಲಿ ಮೈತುಂಬ ಕೊಳವೆಯಂಥ ಎಳೆಯ ಗರಿಗಳು ಎದ್ದು ಥೇಟ್ ಮುಳ್ಳುಹಂದಿಯೇ ಆಯಿತು. ನಾನು ಕಿಟಕಿ ಸರಿಸಿದರೆ ಮೈ ಉಬ್ಬಿಸಿ, ಕೊಕ್ಕನ್ನು ಟಕ್ಕೆಂದು ಬಡಿದು ಹೆದರಿಸುತ್ತಿತ್ತು. ಆ ಹೊತ್ತಿಗೆ ಹಗಲಲ್ಲಿ ಹೆತ್ತವರು ಗುಟುಕು ಕೊಡಲು ಮಾತ್ರ ಬಂದುಹೋಗುತ್ತಿದ್ದವು, ಮರಿಗಳು ಮಾತ್ರ ಮೂಲೆ ಬಿಟ್ಟು ಕದಲಲಿಲ್ಲ.

ಗುಬ್ಬಚ್ಚಿಯ ಮರಿ ಎರಡು ವಾರಕ್ಕೆಲ್ಲ ಗೂಡು ಬಿಡುತ್ತದೆ. ಪಾರಿವಾಳದ ಮರಿಗೆ ಸುಮಾರು ಒಂದು ತಿಂಗಳು ಬೇಕು, ಚಳಿಯಲ್ಲಿ ಇನ್ನೂ ಹೆಚ್ಚು. ಕಡಿದಾದ ಬಂಡೆಯ ಅಂಚಿನಲ್ಲಿ ಹುಟ್ಟುವ ಹಕ್ಕಿಗೆ ಇದೇ ಸರಿಯಾದ ಲೆಕ್ಕ ಎಂದು ನನಗೆ ಅನ್ನಿಸುತ್ತದೆ. ಅಲ್ಲಿ ಅರೆಬರೆ ರೆಕ್ಕೆಯಿಂದ ಹೊರಟರೆ ಕೆಳಗೆ ಹಿಡಿದುಕೊಳ್ಳಲು ಪೊದೆಯಿಲ್ಲ, ಕೊಂಬೆಯಿಲ್ಲ. ಹೀಗೆ ಹೊರಬೀಳುವ ದಿನ ಅದು ತೂಕದಲ್ಲೂ ಗಾತ್ರದಲ್ಲೂ ದೊಡ್ಡ ಹಕ್ಕಿಗೆ ಹತ್ತಿರವಾಗಿರುತ್ತದೆ.

ಹಾಗಾದರೆ ಗುಂಪಿನಲ್ಲಿ ಗುರುತಿಸುವುದು ಹೇಗೆ? ಮೊದಲು ಕೊಕ್ಕಿನ ಬುಡ ನೋಡಿ. ದೊಡ್ಡ ಪಾರಿವಾಳಕ್ಕೆ ಅಲ್ಲಿ, ಮೂಗಿನ ಹೊಳ್ಳೆಗಳ ಮೇಲೆ, ಸುಣ್ಣ ಬಳಿದಂತೆ ಬೆಳ್ಳಗಿನ ಮೆತ್ತನೆಯ ಉಬ್ಬು ಇರುತ್ತದೆ. ಮರಿಗೆ ಅದು ಬೂದುಬಣ್ಣ ಇಲ್ಲವೇ ಮಾಸಲು ಗುಲಾಬಿ. ಉಬ್ಬು ಬೆಳೆಯದ ಕಾರಣ ಕೊಕ್ಕು ಉದ್ದವಾಗಿ ಕಾಣುತ್ತದೆ. ನಾನು ಹೆಚ್ಚು ನಂಬುವ ಗುರುತು ಇದೇ. ಕಣ್ಣೂ ಸಹಾಯಕ್ಕೆ ಬರುತ್ತದೆ: ದೊಡ್ಡದರದ್ದು ಕಿತ್ತಳೆಗೆಂಪು, ಮರಿಯದ್ದು ಕಂದು. ಆದರೆ ಮೈಯಲ್ಲಿ ಬಿಳಿ ಹೆಚ್ಚಿರುವ ಕೆಲವು ಪಾರಿವಾಳಗಳಿಗೆ ಬೆಳೆದ ಮೇಲೂ ಕಣ್ಣು ಕಪ್ಪಾಗಿಯೇ ಉಳಿಯುವುದರಿಂದ ಕಣ್ಣೊಂದನ್ನೇ ನೋಡಿ ತೀರ್ಮಾನಿಸಬೇಡಿ.

ಕತ್ತಿನ ಹಸಿರು–ನೇರಳೆ ಮಿಂಚು ಮರಿಗೆ ಇರುವುದಿಲ್ಲ. ಅದು ಬಣ್ಣ ಹಚ್ಚಿದ ಮಿಂಚಲ್ಲ, ಗರಿಯ ಸೂಕ್ಷ್ಮ ಪದರಗಳಲ್ಲಿ ಬೆಳಕು ಆಡುವ ಆಟ; ಎಳೆಯ ಗರಿಗಳು ಉದುರಿ ಹೊಸವು ಬಂದ ಮೇಲೆಯೇ ಅದು ಕಾಣುವುದು. ಕಾಲು ಕೆಂಪಾಗಿರದೆ ಮಂಕಾಗಿರುತ್ತದೆ. ತಲೆ, ಕತ್ತಿನ ಮೇಲೆ ಒಂದೆರಡು ಹಳದಿ ನವಿರು ಇನ್ನೂ ಅಂಟಿಕೊಂಡಿದ್ದರೆ ಗೂಡು ಬಿಟ್ಟು ಹೆಚ್ಚು ದಿನವಾಗಿಲ್ಲ ಎಂದರ್ಥ. ಕಿವಿಗೂ ಕೆಲಸ ಕೊಡಿ. ಮರಿಗೆ ಗುಟುರು ಹಾಕಲು ಬರುವುದಿಲ್ಲ, ತೆಳುವಾಗಿ ಕೀಚುಗುಡುತ್ತದೆ. ರೆಕ್ಕೆ ಬಡಿಯುತ್ತಾ, ಕೀಚುಗುಡುತ್ತಾ ಒಂದು ಪಾರಿವಾಳ ಇನ್ನೊಂದರ ಬೆನ್ನುಹತ್ತಿ ಅದರ ಬಾಯಿಗೆ ಕೊಕ್ಕು ಹಾಕಲು ನೋಡುತ್ತಿದ್ದರೆ ಅನುಮಾನವೇ ಬೇಡ. ಹಾಗೆ ಓಡಿಸಿಕೊಳ್ಳುತ್ತಿರುವುದು ಹೆಚ್ಚಾಗಿ ತಂದೆ. ತಾಯಿ ಆಗಲೇ ಮುಂದಿನ ಮೊಟ್ಟೆಗಳ ಮೇಲೆ ಕುಳಿತಿರುತ್ತದೆ.

ಈ ಗುರುತುಗಳು ಗೊತ್ತಿದ್ದರೆ ಒಂದು ಜೀವ ಉಳಿಸಲೂಬಹುದು. ಮೈತುಂಬ ಗರಿಯಿದ್ದು ನೆಲದಲ್ಲಿ ಕುಳಿತ ಮರಿಗೆ ಗಾಯವಿಲ್ಲದಿದ್ದರೆ ಬೆಕ್ಕು, ನಾಯಿ ತಲುಪದ ಎತ್ತರದಲ್ಲಿಟ್ಟು ದೂರ ನಿಂತು ನೋಡಿ, ಹೆತ್ತವರು ಬರುವುದುಂಟು. ಮನುಷ್ಯ ಮುಟ್ಟಿದ ಮರಿಯನ್ನು ಅವು ತೊರೆಯುತ್ತವೆ ಎಂಬುದು ಸುಳ್ಳು. ಹಳದಿ ನವಿರಿನ ಮರಿ ಬಿದ್ದಿದ್ದರೆ ಗೂಡಿಗೇ ಮರಳಿಸಬೇಕು. ಗೂಡು ಸಿಗದಿದ್ದರೆ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿಟ್ಟು ಬೆಚ್ಚಗೆ ಮಾಡಿ, ಹಕ್ಕಿಗಳ ಆರೈಕೆ ಬಲ್ಲವರಿಗೆ ಬೇಗ ಒಪ್ಪಿಸಿ. ಮೈ ತಣ್ಣಗಿರುವಾಗ ಏನನ್ನೂ ತಿನ್ನಿಸಬೇಡಿ, ಬಾಯಿಗೆ ನೀರನ್ನಾಗಲಿ ಹಸುವಿನ ಹಾಲನ್ನಾಗಲಿ ಸುರಿಯಲೇಬೇಡಿ. ತಿನ್ನಿಸಲು ಹೋದವರು ಮರಿ ಬಾಯಿಯನ್ನೇ ತೆರೆಯುವುದಿಲ್ಲ ಎಂದು ಕಂಗಾಲಾಗುವುದನ್ನು ಕಂಡಿದ್ದೇನೆ. ಅದು ಬಾಯಿ ತೆರೆಯಲು ಕಲಿತಿಲ್ಲ, ಕೊಕ್ಕು ತೂರಿಸಲು ಕಲಿತಿದೆ. ಗರಿ ಬಂದ ಮರಿಯ ಮುಂದೆ ನೆನೆಸಿದ ಬಟಾಣಿಯನ್ನು ಸಡಿಲವಾಗಿ ಮಡಚಿದ ಬೆರಳುಗಳ ನಡುವೆ ಹಿಡಿದರೆ, ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಕೊಕ್ಕನ್ನು ಬೆರಳ ಸಂದಿಗೆ ನುಗ್ಗಿಸುತ್ತದೆ.